ಅಮೆರಿಕದ ರಾಜ್ಯಗಳಲ್ಲಿ ವಿಮೆಯ ಜಗಳ: ದರ ಯಾರು ಹೇಳಬೇಕು, ಹೊರೆ ಯಾರು ಹೊರಬೇಕು

2025ರ ಜನವರಿ 7ರಂದು ಲಾಸ್ ಏಂಜಲೀಸ್ ಸುತ್ತಲಿನ ಗುಡ್ಡಗಳಿಗೆ ಬೆಂಕಿ ಬಿತ್ತು. ಪೆಸಿಫಿಕ್ ಪ್ಯಾಲಿಸೇಡ್ಸ್ ಮತ್ತು ಆಲ್ಟಡೀನಾ ಕಡೆ ಸಾವಿರಾರು ಮನೆಗಳು ಸುಟ್ಟುಹೋದವು. ಐದು ವಾರ ಕಳೆಯುವಷ್ಟರಲ್ಲಿ ಕ್ಯಾಲಿಫೋರ್ನಿಯಾದ ವಿಮಾ ಕಮಿಷನರ್ ಒಂದು ದೊಡ್ಡ ವಸೂಲಿಗೆ ಒಪ್ಪಿಗೆ ಕೊಟ್ಟರು. ರಾಜ್ಯದಲ್ಲಿ ಆಸ್ತಿ ವಿಮೆ ಮಾರುವ ಕಂಪನಿಗಳೆಲ್ಲ ಸೇರಿ, ಬೇರೆಲ್ಲೂ ವಿಮೆ ಸಿಗದ ಮನೆಗಳಿಗೆ ವಿಮೆ ಕೊಡುವ ‘ಫೇರ್ ಪ್ಲಾನ್’ ಎಂಬ ವ್ಯವಸ್ಥೆಗೆ 100 ಕೋಟಿ ಡಾಲರ್ ತುಂಬಬೇಕು. ಅದರಲ್ಲಿ ಅರ್ಧದಷ್ಟನ್ನು, ಕಮಿಷನರ್ ಒಪ್ಪಿದರೆ, ಕಂಪನಿಗಳು ತಮ್ಮ ಗ್ರಾಹಕರಿಂದಲೇ ವಸೂಲಿ ಮಾಡಿಕೊಳ್ಳಬಹುದು. ಬೆಂಕಿಯಿಂದ ನೂರಾರು ಮೈಲಿ ದೂರ ಇರುವವರು, ಫೇರ್ ಪ್ಲಾನ್ ಜೊತೆ ಯಾವ ವ್ಯವಹಾರವೂ ಇಲ್ಲದವರು ಕೂಡ ಇದರಲ್ಲಿ ಪಾಲು ಕೊಡಬೇಕಾಗುತ್ತದೆ.

ಕಾನೂನಿನಲ್ಲಿ ಇದಕ್ಕೆ ತೆರಿಗೆ ಎಂಬ ಹೆಸರಿಲ್ಲ. ರಾಜ್ಯದ ಬಜೆಟ್ಟಿನಲ್ಲೂ ಇದು ಕಾಣುವುದಿಲ್ಲ. ಆದರೆ ಕಟ್ಟುವವರ ಕಡೆಯಿಂದ ನೋಡಿದರೆ ತೆರಿಗೆಗೂ ಇದಕ್ಕೂ ಏನು ವ್ಯತ್ಯಾಸ? ಅಮೆರಿಕದ ರಾಜ್ಯಗಳಲ್ಲಿ ವಿಮೆಯ ನಿಯಮ ಮತ್ತು ತೆರಿಗೆ ಬಗ್ಗೆ ನಡೆಯುವ ಚರ್ಚೆ ಮೇಲ್ನೋಟಕ್ಕೆ ಲೆಕ್ಕಪತ್ರದವರ ವಿಷಯ ಅನ್ನಿಸುತ್ತದೆ. ಒಳಗೆ ಇಳಿದರೆ ಇರುವುದು ಒಂದೇ ಪ್ರಶ್ನೆ. ಬೆಂಕಿ, ಬಿರುಗಾಳಿ, ಕಾಯಿಲೆ ತರುವ ಖರ್ಚನ್ನು ಯಾರ ಮೇಲೆ ಹಾಕಬೇಕು? ಹಾಕಿದ ಮೇಲೆ ಅದನ್ನು ಅವರಿಗೆ ತಿಳಿಯುವಂತೆ ಹೇಳುತ್ತಾರೋ ಇಲ್ಲವೋ? ನನ್ನ ಮಟ್ಟಿಗೆ ಎರಡನೆಯದೇ ದೊಡ್ಡ ಪ್ರಶ್ನೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಭಾರತದಲ್ಲಿ ಐಆರ್‌ಡಿಎಐ ಇಡೀ ದೇಶದ ವಿಮಾ ಕಂಪನಿಗಳನ್ನು ನೋಡಿಕೊಳ್ಳುತ್ತದೆ. ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿ ಒಂದೊಂದು ರಾಜ್ಯಕ್ಕೂ ಅದರದೇ ವಿಮಾ ಇಲಾಖೆ, ಅದರದೇ ಕಾನೂನು, ಅದರದೇ ತೆರಿಗೆ. ಹೆಚ್ಚಿನ ರಾಜ್ಯಗಳಲ್ಲಿ ವಿಮಾ ಕಮಿಷನರ್ ನೇಮಕಗೊಂಡ ಅಧಿಕಾರಿ. ಕ್ಯಾಲಿಫೋರ್ನಿಯಾ, ಲೂಸಿಯಾನಾ, ಜಾರ್ಜಿಯಾ ಸೇರಿ 11 ರಾಜ್ಯಗಳಲ್ಲಿ ಮಾತ್ರ ಜನರೇ ಮತ ಹಾಕಿ ಕಮಿಷನರನ್ನು ಆರಿಸುತ್ತಾರೆ. ಪ್ರೀಮಿಯಂ ದರ ಅಲ್ಲಿ ನೇರವಾಗಿ ಚುನಾವಣೆಯ ವಿಷಯ.

ಹೀಗಾಗಲು ಕಾರಣ ಒಂದು ಹಳೆಯ ಕೇಸು. 1860ರ ದಶಕದಲ್ಲಿ ವರ್ಜೀನಿಯಾದ ಪೀಟರ್ಸ್‌ಬರ್ಗ್‌ನಲ್ಲಿ ಸ್ಯಾಮ್ಯುಯೆಲ್ ಪಾಲ್ ಎಂಬ ಏಜೆಂಟ್ ನ್ಯೂಯಾರ್ಕ್ ಕಂಪನಿಗಳ ಬೆಂಕಿ ವಿಮೆ ಮಾರುತ್ತಿದ್ದ. ಹೊರ ರಾಜ್ಯದ ಕಂಪನಿಗಳು ವರ್ಜೀನಿಯಾದಲ್ಲಿ ಬಾಂಡ್ ಠೇವಣಿ ಇಡಬೇಕು ಎಂಬ ನಿಯಮ ಇತ್ತು. ಕಂಪನಿಗಳು ಇಡಲಿಲ್ಲ, ಹಾಗಾಗಿ ಪಾಲ್‌ಗೆ ಲೈಸೆನ್ಸ್ ಸಿಗಲಿಲ್ಲ. ಆದರೂ ಪಾಲಿಸಿ ಮಾರಿದ, 50 ಡಾಲರ್ ದಂಡ ಬಿತ್ತು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ರಾಜ್ಯದಿಂದ ರಾಜ್ಯಕ್ಕೆ ನಡೆಯುವ ವ್ಯಾಪಾರವನ್ನು ನಿಯಂತ್ರಿಸುವ ಅಧಿಕಾರ ಕೇಂದ್ರದ ಸಂಸತ್ತಿಗೆ ಇದೆ ತಾನೆ, ವರ್ಜೀನಿಯಾಗೆ ಎಲ್ಲಿಂದ ಬಂತು ಎಂಬುದು ವಾದ. ವಿಮಾ ಪಾಲಿಸಿ ಬರೆದುಕೊಡುವುದು ವ್ಯಾಪಾರವೇ ಅಲ್ಲ, ಅದು ಬರೀ ಕರಾರು ಎಂದು 1869ರಲ್ಲಿ ಕೋರ್ಟ್ ಹೇಳಿತು. ಅಲ್ಲಿಂದ ಮುಂದೆ ವಿಮೆ ರಾಜ್ಯಗಳ ಪಾಲಾಯಿತು. 1871ರಲ್ಲೇ ಹಲವು ರಾಜ್ಯಗಳ ವಿಮಾ ಅಧಿಕಾರಿಗಳು ಸೇರಿ ಒಂದು ಒಕ್ಕೂಟ ಕಟ್ಟಿಕೊಂಡರು. ಇವತ್ತಿನ ಎನ್‌ಎಐಸಿ ಅದೇ.

75 ವರ್ಷ ಹೀಗೇ ನಡೆಯಿತು. 1944ರಲ್ಲಿ ಕೋರ್ಟ್ ತನ್ನ ಮಾತನ್ನು ತಾನೇ ಬದಲಿಸಿತು. ದಕ್ಷಿಣದ ಆರು ರಾಜ್ಯಗಳಲ್ಲಿ ಸುಮಾರು 200 ಬೆಂಕಿ ವಿಮಾ ಕಂಪನಿಗಳು ಒಂದು ಸಂಘ ಮಾಡಿಕೊಂಡು ದರ ನಿಗದಿ ಮಾಡುತ್ತಿದ್ದವು ಎಂಬ ಆರೋಪದ ಕೇಸಿನಲ್ಲಿ, ವಿಮೆಯೂ ಅಂತರರಾಜ್ಯ ವ್ಯಾಪಾರವೇ ಎಂದು 4–3ರ ತೀರ್ಪು ಬಂತು. ರಾಜ್ಯಗಳಿಗೆ ಗಾಬರಿ ಆಯಿತು. ದರದ ಕಾನೂನುಗಳ ಗತಿ ಏನು? ಪ್ರೀಮಿಯಂ ಮೇಲೆ ಹಾಕುತ್ತಿದ್ದ ತೆರಿಗೆಯ ಗತಿ ಏನು? ಮರುವರ್ಷವೇ, 1945ರ ಮಾರ್ಚ್‌ನಲ್ಲಿ, ಸಂಸತ್ತು ಮೆಕ್‌ಕ್ಯಾರನ್–ಫರ್ಗುಸನ್ ಕಾಯ್ದೆ ಪಾಸು ಮಾಡಿತು. ವಿಮೆಯ ನಿಯಂತ್ರಣ, ವಿಮೆಯ ತೆರಿಗೆ ಎರಡೂ ರಾಜ್ಯಗಳಿಗೇ ಇರಲಿ ಎಂಬುದು ಅದರ ಸಾರ. ಇವತ್ತಿಗೂ ಎಲ್ಲ ಚರ್ಚೆಯ ತಳಪಾಯ ಆ ಚಿಕ್ಕ ಕಾಯ್ದೆ.

ಈಗ ತೆರಿಗೆಗೆ ಬರೋಣ. ಬೇರೆ ಉದ್ಯಮಗಳಿಗೆ ರಾಜ್ಯಗಳು ಸಾಮಾನ್ಯವಾಗಿ ಲಾಭದ ಮೇಲೆ ತೆರಿಗೆ ಹಾಕುತ್ತವೆ. ವಿಮಾ ಕಂಪನಿಗಳಿಗೆ ಹಾಕುವುದು ಪ್ರೀಮಿಯಂ ತೆರಿಗೆ. ಗ್ರಾಹಕರಿಂದ ಬಂದ ಒಟ್ಟು ಪ್ರೀಮಿಯಂನ ಮೇಲೆ ಶೇಕಡಾ ಇಷ್ಟು ಎಂಬ ಲೆಕ್ಕ. ಕ್ಯಾಲಿಫೋರ್ನಿಯಾದಲ್ಲಿ ಶೇ 2.35, ಫ್ಲೋರಿಡಾದಲ್ಲಿ ಶೇ 1.75, ನೆವಾಡಾದಲ್ಲಿ ಶೇ 3.5. ಆ ವರ್ಷ ಕಂಪನಿ ಲಾಭ ಮಾಡಿತೋ, ಬೆಂಕಿಗೆ ಸಿಕ್ಕಿ ನಷ್ಟ ಮಾಡಿಕೊಂಡಿತೋ, ತೆರಿಗೆ ಮಾತ್ರ ಕಟ್ಟಲೇಬೇಕು.

ಸರ್ಕಾರಗಳಿಗೆ ಇದು ಯಾಕೆ ಇಷ್ಟ ಎಂದು ಊಹಿಸುವುದು ಕಷ್ಟವಲ್ಲ. ವಸೂಲಿ ಸುಲಭ, ಲೆಕ್ಕ ಮುಚ್ಚಿಡಲು ಆಗುವುದಿಲ್ಲ. ಎಲ್ಲಕ್ಕಿಂತ ಜಾಸ್ತಿ, ಇದು ಮತದಾರರಿಗೆ ಕಾಣುವುದಿಲ್ಲ. ಅಂಗಡಿಯ ಬಿಲ್ಲಿನಲ್ಲಿ ಮಾರಾಟ ತೆರಿಗೆ ಬೇರೆ ಸಾಲಿನಲ್ಲಿ ಇರುತ್ತದೆ. ಪ್ರೀಮಿಯಂ ತೆರಿಗೆ ಸಾಮಾನ್ಯವಾಗಿ ಪ್ರೀಮಿಯಂ ಒಳಗೇ ಕರಗಿರುತ್ತದೆ. ಮನೆ ವಿಮೆ ದುಬಾರಿ ಆದಾಗ ಜನ ಬೈಯುವುದು ಕಂಪನಿಯನ್ನು. ಮುನ್ನೆಚ್ಚರಿಕೆಯಿಂದ ವಿಮೆ ಮಾಡಿಸಿಕೊಂಡವರು ಅದಕ್ಕಾಗಿಯೇ ತೆರಿಗೆ ಕಟ್ಟುತ್ತಾರೆ, ವಿಮೆಯೇ ಮಾಡಿಸದವರು ಕಟ್ಟುವುದಿಲ್ಲ. ಇದು ಸರಿಯೇ ಎಂದು ಕೇಳುವ ಶಾಸಕರು ತೀರ ಕಡಿಮೆ.

ಇದರ ಜೊತೆಗೆ ಒಂದು ವಿಚಿತ್ರ ಪದ್ಧತಿ ಬೆಳೆದಿದೆ. ಅದನ್ನು ಪ್ರತೀಕಾರದ ತೆರಿಗೆ ಎನ್ನಬಹುದು. ಒಂದು ರಾಜ್ಯದಲ್ಲಿ ತೆರಿಗೆ ಶೇ 3, ಇನ್ನೊಂದರಲ್ಲಿ ಶೇ 2 ಎಂದುಕೊಳ್ಳಿ. ಮೊದಲ ರಾಜ್ಯದ ಕಂಪನಿ ಎರಡನೆಯದಕ್ಕೆ ಬಂದು ವ್ಯಾಪಾರ ಮಾಡಿದರೆ ಅದಕ್ಕೆ ಶೇ 2 ಸಾಲದು. ‘ನಿಮ್ಮ ರಾಜ್ಯ ನಮ್ಮ ಕಂಪನಿಗಳಿಂದ ಶೇ 3 ಕೀಳುತ್ತದೆ, ನೀವೂ ಇಲ್ಲಿ ಅಷ್ಟೇ ಕಟ್ಟಿ’ ಎನ್ನುತ್ತದೆ ಎರಡನೇ ರಾಜ್ಯ. ಹೆಚ್ಚುಕಡಿಮೆ ಎಲ್ಲ ರಾಜ್ಯಗಳಲ್ಲೂ ಈ ನಿಯಮ ಇದೆ. 1981ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದು ಸರಿ ಎಂದಿತು. ಪರಿಣಾಮ ಏನು ಗೊತ್ತಾ? ಯಾವುದೇ ರಾಜ್ಯ ತೆರಿಗೆ ಏರಿಸಲು ಹೊರಟರೆ ಮೊದಲು ಅಡ್ಡ ಬರುವುದು ಅದೇ ರಾಜ್ಯದ ಕಂಪನಿಗಳು. ಇಲ್ಲಿ ಅರ್ಧ ಶೇಕಡಾ ಏರಿದರೆ ಅವರಿಗೆ ಹೊರಗಿನ ಅನೇಕ ರಾಜ್ಯಗಳಲ್ಲೂ ಏರುತ್ತದೆ. ಪ್ರೀಮಿಯಂ ತೆರಿಗೆಯ ದರ ಹೆಚ್ಚಿನ ಕಡೆ ಶೇ 2ರ ಆಸುಪಾಸಿನಲ್ಲೇ ನಿಂತಿರುವುದಕ್ಕೆ ಇದೊಂದು ದೊಡ್ಡ ಕಾರಣ.

ತಮ್ಮ ರಾಜ್ಯದ ಕಂಪನಿಗಳಿಗೆ ಮಾತ್ರ ರಿಯಾಯಿತಿ ಕೊಡುವ ಪ್ರಯತ್ನವೂ ನಡೆದಿದೆ. ಅಲಬಾಮಾ ತನ್ನ ಸ್ಥಳೀಯ ಕಂಪನಿಗಳಿಗೆ ಶೇ 1, ಹೊರಗಿನವರಿಗೆ ಶೇ 3ರಿಂದ 4 ತೆರಿಗೆ ಹಾಕುತ್ತಿತ್ತು. ಸ್ಥಳೀಯ ಉದ್ಯಮ ಬೆಳೆಯಲಿ ಎಂಬುದು ಅದರ ಸಮರ್ಥನೆ. 1985ರಲ್ಲಿ ಸುಪ್ರೀಂ ಕೋರ್ಟ್ 5–4ರ ತೀರ್ಪಿನಲ್ಲಿ ಆ ಸಮರ್ಥನೆ ಒಪ್ಪಲಿಲ್ಲ.

ಈ ಕಣ್ಣಿಗೆ ಕಾಣದ ಹೊರೆಗೆ ಇನ್ನೊಂದು ದಾರಿ ಇದೆ. 2018ರ ನವೆಂಬರ್‌ನಲ್ಲಿ ಕ್ಯಾಂಪ್ ಫೈರ್ ಎಂಬ ಕಾಡ್ಗಿಚ್ಚು ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರನ್ನೇ ಸುಟ್ಟುಹಾಕಿತು. 85 ಜನ ಸತ್ತರು. ಆ ಪ್ರದೇಶದಲ್ಲಿ ಪಾಲಿಸಿ ಕೊಟ್ಟಿದ್ದ ಮರ್ಸೆಡ್ ಎಂಬ ಸಣ್ಣ ವಿಮಾ ಕಂಪನಿ ಕೆಲವೇ ವಾರಗಳಲ್ಲಿ ದಿವಾಳಿ ಆಯಿತು. ಇಂಥ ಹೊತ್ತಿನಲ್ಲಿ ರಾಜ್ಯದ ಖಾತರಿ ನಿಧಿ ಕ್ಲೇಮು ಕೊಡುತ್ತದೆ. ನಿಧಿಗೆ ಹಣ ಉಳಿದ ಕಂಪನಿಗಳಿಂದ ಬರಬೇಕು. ಒಳ್ಳೆಯ ವ್ಯವಸ್ಥೆಯೇ. ಆದರೆ ಹಲವು ರಾಜ್ಯಗಳಲ್ಲಿ ಹೀಗೆ ಕೊಟ್ಟ ಹಣವನ್ನು ಕಂಪನಿಗಳು ಮುಂದಿನ ವರ್ಷಗಳ ಪ್ರೀಮಿಯಂ ತೆರಿಗೆಯಿಂದ ಕಡಿತ ಮಾಡಿಕೊಳ್ಳಬಹುದು. ಅಲ್ಲಿ ದಿವಾಳಿಯ ಖರ್ಚು ಸದ್ದಿಲ್ಲದೆ ಖಜಾನೆಗೆ, ಅಲ್ಲಿಂದ ಎಲ್ಲ ತೆರಿಗೆದಾರರಿಗೆ ದಾಟುತ್ತದೆ.

ದರ ನಿಯಂತ್ರಣದಲ್ಲಿ ರಾಜ್ಯಗಳು ಎಷ್ಟು ಬೇರೆ ಬೇರೆ ಎಂದು ತಿಳಿಯಲು ಕ್ಯಾಲಿಫೋರ್ನಿಯಾ ಮತ್ತು ಇಲಿನಾಯ್ ನೋಡಿದರೆ ಸಾಕು. ಇಲಿನಾಯ್‌ನಲ್ಲಿ ದರದ ಕಾನೂನು 1971ರಲ್ಲಿ ಅವಧಿ ಮುಗಿದು ಬಿದ್ದುಹೋಯಿತು, ಮತ್ತೆ ಬರಲಿಲ್ಲ. ಅಲ್ಲಿ ಮನೆ ವಿಮೆಯ ದರ ಏರಿಸಲು ಕಂಪನಿ ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ, ಇಲಾಖೆಗೆ ತಿಳಿಸಿದರೆ ಸಾಕು. 2025ರ ಬೇಸಿಗೆಯಲ್ಲಿ ಆ ರಾಜ್ಯದಲ್ಲೇ ಮುಖ್ಯ ಕಚೇರಿ ಇರುವ ಸ್ಟೇಟ್ ಫಾರ್ಮ್ ಕಂಪನಿ ಮನೆ ವಿಮೆಯ ದರವನ್ನು ಸರಾಸರಿ ಶೇ 27.2 ಏರಿಸಿತು. ಗವರ್ನರ್ ಪ್ರಿಟ್ಸ್‌ಕರ್ ಬಹಿರಂಗವಾಗಿ ಖಂಡಿಸಿದರು. ತಡೆಯುವ ಅಧಿಕಾರ ಅವರ ಇಲಾಖೆಗೆ ಇರಲಿಲ್ಲ. ಕಾನೂನು ತನ್ನಿ ಎಂದು ಶಾಸಕರನ್ನು ಕೇಳಬೇಕಾಯಿತು.

ಕ್ಯಾಲಿಫೋರ್ನಿಯಾದ್ದು ತದ್ವಿರುದ್ಧ ಕತೆ. 1980ರ ದಶಕದಲ್ಲಿ ಅಲ್ಲಿ ಕಾರು ವಿಮೆ ವಿಪರೀತ ದುಬಾರಿ ಆಗಿತ್ತು. 1988ರ ನವೆಂಬರ್ ಮತಪತ್ರದಲ್ಲಿ, ಜನರೇ ನೇರವಾಗಿ ಮತ ಹಾಕಿ ಕಾನೂನು ಮಾಡಬಹುದಾದ ಪ್ರಸ್ತಾಪಗಳು ವಿಮೆ ಬಗ್ಗೆಯೇ ಐದು ಇದ್ದವು. ಕಂಪನಿಗಳು ಎದುರು ಪ್ರಚಾರಕ್ಕೆ ಕೋಟಿಗಟ್ಟಲೆ ಡಾಲರ್ ಸುರಿದವು. ಗೆದ್ದದ್ದು ಮಾತ್ರ ಒಂದೇ, ಹಾರ್ವೀ ರೋಸೆನ್‌ಫೀಲ್ಡ್ ಎಂಬ ವಕೀಲ ಮುಂದಿಟ್ಟ ಪ್ರಪೊಸಿಷನ್ 103. ದರ ಶೇ 20 ಇಳಿಸಬೇಕು ಎಂದಿತು. ಮುಂದೆ ಏರಿಸಲು ಮೊದಲೇ ಅನುಮತಿ ಬೇಕು ಎಂದಿತು. ಏರಿಕೆ ಶೇ 7 ದಾಟಿದರೆ, ಗ್ರಾಹಕರ ಪರ ಯಾರಾದರೂ ಕೇಳಿದರೆ, ಬಹಿರಂಗ ವಿಚಾರಣೆ ನಡೆಯಲೇಬೇಕು. ಕಮಿಷನರನ್ನು ಜನರೇ ಆರಿಸಬೇಕು ಎಂಬುದೂ ಅದರಲ್ಲೇ ಬಂತು. ಕಾರು ವಿಮೆಗೆ ನೀವು ಹೇಗೆ ಓಡಿಸುತ್ತೀರಿ, ಎಷ್ಟು ಓಡಿಸುತ್ತೀರಿ, ಎಷ್ಟು ವರ್ಷದಿಂದ ಓಡಿಸುತ್ತೀರಿ ಎಂಬುದು ಮೊದಲು, ಯಾವ ಬಡಾವಣೆಯಲ್ಲಿ ಇದ್ದೀರಿ ಎಂಬುದು ಆಮೇಲೆ. ಕಾರು ವಿಮೆಯಲ್ಲಿ ಇದು ಜನರಿಗೆ ದೊಡ್ಡ ಉಪಕಾರ ಮಾಡಿದೆ ಎಂದು ಗ್ರಾಹಕ ಸಂಘಟನೆಗಳು ಹೇಳುತ್ತವೆ. ಆ ಮಾತಿನಲ್ಲಿ ಹುರುಳಿದೆ.

ತೊಂದರೆ ಬಂದಿದ್ದು ಮನೆ ವಿಮೆಯಲ್ಲಿ. ಕಾರು ಅಪಘಾತ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಒಂದೇ ರೀತಿ ನಡೆಯುತ್ತದೆ. ಹಳೆಯ ಲೆಕ್ಕ ನೋಡಿ ಮುಂದಿನದು ಅಂದಾಜು ಮಾಡಬಹುದು. ಕಾಡ್ಗಿಚ್ಚು ಹಾಗಲ್ಲ. ಹತ್ತು ವರ್ಷ ಸುಮ್ನೆ ಇದ್ದು ಒಂದೇ ವಾರದಲ್ಲಿ ಎಲ್ಲವನ್ನೂ ನುಂಗಬಹುದು. ಪ್ರಪೊಸಿಷನ್ 103ರ ಕೆಳಗೆ ಬಂದ ನಿಯಮಗಳ ಪ್ರಕಾರ, ಇಂಥ ಅನಾಹುತದ ಖರ್ಚನ್ನು ಕನಿಷ್ಠ 20 ವರ್ಷದ ಹಿಂದಿನ ನಷ್ಟದ ಸರಾಸರಿ ಮೇಲೆ ಹಾಕಬೇಕಿತ್ತು. ಕಾಡು ಒಣಗುತ್ತಿದೆ, ಜನ ಕಾಡಿನ ಅಂಚಿಗೆ ಮನೆ ಕಟ್ಟುತ್ತಿದ್ದಾರೆ, ಮುಂದಿನ ಅಪಾಯ ಹಿಂದಿನದಕ್ಕಿಂತ ಜಾಸ್ತಿ ಎಂದು ಕಂಪ್ಯೂಟರ್ ಮಾದರಿ ಹೇಳಿದರೂ ಅದನ್ನು ದರದಲ್ಲಿ ಸೇರಿಸುವ ಹಾಗಿರಲಿಲ್ಲ. ಮರುವಿಮೆಗೆ, ಅಂದರೆ ವಿಮಾ ಕಂಪನಿ ತಾನು ಮಾಡಿಸಿಕೊಳ್ಳುವ ವಿಮೆಗೆ, ಆಗುವ ಖರ್ಚನ್ನೂ ಸೇರಿಸುವ ಹಾಗಿರಲಿಲ್ಲ.

2017 ಮತ್ತು 2018ರ ಬೆಂಕಿ ಕಂಪನಿಗಳ ಹಲವು ವರ್ಷದ ಲಾಭವನ್ನು ಒರೆಸಿಹಾಕಿತು. ಆಮೇಲೆ ಅವು ಮಾಡಿದ್ದೇನು? ದರ ಏರಿಸಲು ಅಪ್ಪಣೆ ಬೇಕು, ಮಾರುವುದನ್ನು ನಿಲ್ಲಿಸಲು ಬೇಕಿಲ್ಲ. 2023ರ ಮೇನಲ್ಲಿ ಸ್ಟೇಟ್ ಫಾರ್ಮ್‌ನ ಕ್ಯಾಲಿಫೋರ್ನಿಯಾ ಕಂಪನಿ ಹೊಸ ಮನೆ ವಿಮೆ ಬರೆಯುವುದನ್ನೇ ನಿಲ್ಲಿಸಿತು. ಮರುವರ್ಷ ಸುಮಾರು 72,000 ಪಾಲಿಸಿಗಳನ್ನು ನವೀಕರಿಸುವುದಿಲ್ಲ ಎಂದಿತು. ಬೇರೆ ಕಂಪನಿಗಳೂ ಒಂದೊಂದಾಗಿ ಹಿಂದೆ ಸರಿದವು.

ಪಾಲಿಸಿ ಕಳೆದುಕೊಂಡವರಿಗೆ ಉಳಿದದ್ದು ಫೇರ್ ಪ್ಲಾನ್. ಇದು 1968ರಲ್ಲಿ ಶುರುವಾಯಿತು. ನಗರಗಳ ಗಲಭೆಯ ನಂತರ ಬಡ ಬಡಾವಣೆಗಳಿಗೆ ಯಾವ ಕಂಪನಿಯೂ ವಿಮೆ ಕೊಡದೆ ಇದ್ದಾಗ ಮಾಡಿದ ವ್ಯವಸ್ಥೆ. ಇದು ಸರ್ಕಾರದ್ದಲ್ಲ, ರಾಜ್ಯದ ವಿಮಾ ಕಂಪನಿಗಳೆಲ್ಲ ಸೇರಿ ನಡೆಸುವ ಕೂಟ. ಇದರ ಪಾಲಿಸಿ ಮುಖ್ಯವಾಗಿ ಬೆಂಕಿಗೆ. ಕಳವು, ನೀರಿನ ಹಾನಿಗೆ ಬೇರೆ ಪಾಲಿಸಿ ಕೊಳ್ಳಬೇಕು. 2020ರಿಂದ 2024ರ ನಡುವೆ ಇದರ ಮನೆ ಪಾಲಿಸಿಗಳು ಸುಮಾರು 2 ಲಕ್ಷದಿಂದ 4.5 ಲಕ್ಷಕ್ಕೆ ಏರಿದವು. ಅತ್ಯಂತ ಅಪಾಯದ ಮನೆಗಳೆಲ್ಲ ಒಂದೇ ಕಡೆ ಬಂದು ಸೇರಿದವು. ಆಗ ಬಂತು 2025ರ ಜನವರಿ, ಹಣ ಸಾಲದೆ ಹೋಯಿತು, 100 ಕೋಟಿ ಡಾಲರ್ ವಸೂಲಿ ಬಂತು. ಸುಮಾರು 30 ವರ್ಷದಲ್ಲಿ ಇಂಥದ್ದು ಅದೇ ಮೊದಲು.

ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ದರ ತಡೆಹಿಡಿದವರ ಉದ್ದೇಶ ಕೆಟ್ಟದ್ದಲ್ಲ. ವಿಮೆ ಇಲ್ಲದೆ ಅಲ್ಲಿ ಮನೆ ಸಾಲ ಸಿಗುವುದಿಲ್ಲ. ಮನೆ ಇದ್ದವರು ಕಂಪನಿಯ ಕೈಗೊಂಬೆ ಆಗಬಾರದು ಎಂಬ ಕಾಳಜಿ ಸರಿಯಾದದ್ದೇ. ಆದರೆ ದರ ತಡೆದರೆ ಅಪಾಯ ಕಡಿಮೆ ಆಗುವುದಿಲ್ಲ. ಅದರ ಖರ್ಚು ಬೇರೆ ಯಾರದೋ ಬಿಲ್ಲಿಗೆ, ತಡವಾಗಿ, ಬೇರೆ ಹೆಸರಿನಲ್ಲಿ ಬರುತ್ತದೆ. ಹಾಗೆ ಬಂದಾಗ ಇದಕ್ಕೆ ಒಪ್ಪಿದವರು ಯಾರು ಎಂದು ಕೇಳಲು ಯಾರೂ ಸಿಗುವುದಿಲ್ಲ. ಪಕ್ಕದ ಜಿಲ್ಲೆಯವರ ಅಪಾಯವನ್ನು ಹಂಚಿಕೊಳ್ಳೋಣ ಎಂದು ಜನ ಮತ ಹಾಕಿ ಒಪ್ಪಿದರೆ ಅದು ಒಗ್ಗಟ್ಟು. ಗೊತ್ತಿಲ್ಲದೆ ಹಂಚಿದರೆ ಅನ್ಯಾಯ.

ಕಮಿಷನರ್ ರಿಕಾರ್ಡೊ ಲಾರಾ 2024ರ ಡಿಸೆಂಬರ್‌ನಲ್ಲಿ ಹೊಸ ನಿಯಮ ತಂದರು. ಕಂಪನಿಗಳು ಇನ್ನು ಮುಂದಿನ ಅಪಾಯದ ಮಾದರಿ ಬಳಸಬಹುದು, ಮರುವಿಮೆಯ ಖರ್ಚು ಸೇರಿಸಬಹುದು. ಬದಲಿಗೆ ಕಾಡ್ಗಿಚ್ಚಿನ ಅಪಾಯ ಇರುವ ಕಡೆ ಮತ್ತೆ ಪಾಲಿಸಿ ಬರೆಯಬೇಕು. ರಾಜ್ಯದಲ್ಲಿ ತಮಗಿರುವ ಮಾರುಕಟ್ಟೆ ಪಾಲಿನ ಶೇ 85ರಷ್ಟನ್ನಾದರೂ ಆ ಪ್ರದೇಶಗಳಲ್ಲಿ ಮುಟ್ಟುವುದು ಗುರಿ. ಮಾದರಿಯ ಒಳಗೆ ಏನಿದೆ ಎಂದು ಹೊರಗಿನವರು ಪರೀಕ್ಷಿಸಲು ಆಗದಿದ್ದರೆ ಕಂಪನಿ ಹೇಳಿದ್ದೇ ದರ ಆಗುತ್ತದೆ ಎಂದು ಗ್ರಾಹಕ ಸಂಘಟನೆಗಳು ವಿರೋಧಿಸುತ್ತಿವೆ. ಈ ಆತಂಕವನ್ನು ತಳ್ಳಿಹಾಕುವಂತಿಲ್ಲ. ಬೆಂಕಿಯ ನಂತರ 2025ರ ಮೇನಲ್ಲಿ ಸ್ಟೇಟ್ ಫಾರ್ಮ್‌ನ ಅದೇ ಕಂಪನಿಗೆ ಮನೆ ವಿಮೆಯಲ್ಲಿ ಶೇ 17ರ ತುರ್ತು ಏರಿಕೆಗೆ ಒಪ್ಪಿಗೆ ಸಿಕ್ಕಿತು.

ಫ್ಲೋರಿಡಾ ಇದೇ ದಾರಿಯಲ್ಲಿ ಬಹಳ ಮೊದಲೇ ನಡೆದ ರಾಜ್ಯ. 1992ರ ಆಗಸ್ಟಿನಲ್ಲಿ ಆಂಡ್ರೂ ಚಂಡಮಾರುತಕ್ಕೆ ಹಲವು ಕಂಪನಿಗಳು ದಿವಾಳಿ ಆದವು, ದೊಡ್ಡವು ಹಿಂದೆ ಸರಿದವು. ರಾಜ್ಯ 1993ರಲ್ಲಿ ತನ್ನದೇ ಚಂಡಮಾರುತ ನಿಧಿ ಮಾಡಿತು. 2002ರಲ್ಲಿ ಸಿಟಿಜನ್ಸ್ ಎಂಬ ಸರ್ಕಾರಿ ವಿಮಾ ಸಂಸ್ಥೆ ಕಟ್ಟಿತು. 2004 ಮತ್ತು 2005ರ ಚಂಡಮಾರುತಗಳಲ್ಲಿ ಅದಕ್ಕೆ ನಷ್ಟ ಆಯಿತು. ಆಮೇಲೆ ಹಲವು ವರ್ಷ, 2015ರವರೆಗೂ, ರಾಜ್ಯದ ಜನರ ಪಾಲಿಸಿಗಳ ಮೇಲೆ ಹೆಚ್ಚುವರಿ ವಸೂಲಿ ನಡೆಯಿತು. ಸ್ವಂತ ಮನೆಯೇ ಇಲ್ಲದೆ ಬರೀ ಕಾರು ಇದ್ದವರೂ ಸಮುದ್ರ ದಂಡೆಯ ಮನೆಗಳ ನಷ್ಟಕ್ಕೆ ಹಣ ಕೊಟ್ಟರು. ಜನ ಅದನ್ನು ಚಂಡಮಾರುತ ತೆರಿಗೆ ಎಂದೇ ಕರೆದರು.

ಫ್ಲೋರಿಡಾಗೆ ಗಾಳಿಯ ಜೊತೆ ಕೋರ್ಟಿನ ಖರ್ಚೂ ಅಂಟಿಕೊಂಡಿತ್ತು. 2019ರಲ್ಲಿ ದೇಶದ ಮನೆ ವಿಮೆ ಕ್ಲೇಮುಗಳಲ್ಲಿ ಸುಮಾರು ಶೇ 8 ಫ್ಲೋರಿಡಾದ್ದು, ಕ್ಲೇಮಿನ ಮೊಕದ್ದಮೆಗಳಲ್ಲಿ ಶೇ 76 ಫ್ಲೋರಿಡಾದ್ದು. ಗ್ರಾಹಕ ಕೇಸು ಗೆದ್ದರೆ ವಕೀಲರ ಶುಲ್ಕವನ್ನು ಕಂಪನಿಯೇ ಕೊಡಬೇಕು, ಸೋತರೆ ಗ್ರಾಹಕ ಕಂಪನಿಗೆ ಏನೂ ಕೊಡಬೇಕಿಲ್ಲ ಎಂಬ ಹಳೆಯ ನಿಯಮ ಇತ್ತು. 2022ರ ಡಿಸೆಂಬರ್‌ನಲ್ಲಿ ವಿಶೇಷ ಅಧಿವೇಶನ ಕರೆದು ಆಸ್ತಿ ವಿಮೆಗೆ ಅದನ್ನು ರದ್ದು ಮಾಡಿದರು. 2023ರಲ್ಲಿ 14 ಲಕ್ಷ ಮುಟ್ಟಿದ್ದ ಸಿಟಿಜನ್ಸ್ ಪಾಲಿಸಿಗಳು 2024ರ ಕೊನೆಗೆ 10 ಲಕ್ಷಕ್ಕಿಂತ ಕೆಳಗೆ ಇಳಿದವು. ಆದರೆ ಕ್ಲೇಮು ತಿರಸ್ಕಾರ ಆದ ಸಾಮಾನ್ಯ ಮನೆಯವರು ಈಗ ದೊಡ್ಡ ಕಂಪನಿಯ ವಿರುದ್ಧ ವಕೀಲರನ್ನು ಹಿಡಿಯುವುದು ಮೊದಲಿಗಿಂತ ಕಷ್ಟ. ಇದನ್ನು ಹೇಳದೆ ಸುಧಾರಣೆಯನ್ನು ಹೊಗಳುವುದು ಅರ್ಧ ಸತ್ಯ.

ಹೊರೆಯನ್ನು ಬೆಳಕಿನಲ್ಲಿಟ್ಟು ಹಂಚಿದ ಉದಾಹರಣೆಯೂ ಇದೆ. ಅಲಾಸ್ಕಾದಲ್ಲಿ ಸ್ವಂತವಾಗಿ ಆರೋಗ್ಯ ವಿಮೆ ಕೊಳ್ಳುವವರು ಕಡಿಮೆ. ದೊಡ್ಡ ಕಾಯಿಲೆಯ ಕೆಲವೇ ರೋಗಿಗಳು ಇದ್ದರೂ ಎಲ್ಲರ ಪ್ರೀಮಿಯಂ ಹಾರುತ್ತಿತ್ತು. 2017ಕ್ಕೆ ಶೇ 40ರಷ್ಟು ಏರಿಕೆ ಬರುವ ಅಂದಾಜಿತ್ತು. 2016ರಲ್ಲಿ ಶಾಸನಸಭೆ ಮತ ಹಾಕಿ, ಎಲ್ಲ ಬಗೆಯ ವಿಮೆಯಿಂದ ಬರುವ ಪ್ರೀಮಿಯಂ ತೆರಿಗೆಯಲ್ಲಿ 5.5 ಕೋಟಿ ಡಾಲರ್ ತೆಗೆದು ಆ ರೋಗಿಗಳ ಖರ್ಚಿಗೆ ಕೊಟ್ಟಿತು. ಏರಿಕೆ ಶೇ 7ರ ಹತ್ತಿರ ನಿಂತಿತು. ಕಾರು ವಿಮೆಯವರ ತೆರಿಗೆ ರೋಗಿಗಳಿಗೆ ಹೋಯಿತು ನಿಜ. ಆದರೆ ಎಷ್ಟು, ಯಾರಿಗೆ, ಯಾಕೆ ಎಂಬುದೆಲ್ಲ ಕಾನೂನಿನಲ್ಲೇ ಬರೆದಿತ್ತು.

ಇನ್ನೂ ಒಳ್ಳೆಯದು ಹೊರೆಯನ್ನೇ ಇಳಿಸುವುದು. 1985ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತ ಅಲಬಾಮಾ ಈ ವಿಷಯದಲ್ಲಿ ಬೇರೆ ರಾಜ್ಯಗಳಿಗಿಂತ ಮುಂದಿದೆ. 2011ರಲ್ಲಿ ಕಾನೂನು ಮಾಡಿ, 2016ರಿಂದ ಮನೆಯವರಿಗೆ 10,000 ಡಾಲರ್‌ವರೆಗೆ ಸಹಾಯಧನ ಕೊಡುತ್ತಿದೆ. ಬಿರುಗಾಳಿಗೆ ಹಾರದಂತೆ ಚಾವಣಿಯನ್ನು ಗಟ್ಟಿ ಮಾಡಿಸಿಕೊಳ್ಳಲು ಈ ಹಣ. ಇದು ವಿಮಾ ಕಂಪನಿಗಳು ರಾಜ್ಯಕ್ಕೆ ಕಟ್ಟುವ ಶುಲ್ಕದಿಂದ ಬರುತ್ತದೆ. ಹಾಗೆ ಗಟ್ಟಿ ಮಾಡಿದ ಮನೆಗೆ ಪ್ರೀಮಿಯಂನಲ್ಲಿ ರಿಯಾಯಿತಿ ಕೊಡಲೇಬೇಕು ಎಂದೂ ಕಾನೂನು ಹೇಳುತ್ತದೆ. ಅದನ್ನು ನೋಡಿ ಲೂಸಿಯಾನಾ 2023ರಿಂದ ಅಂಥದ್ದೇ ಯೋಜನೆ ನಡೆಸುತ್ತಿದೆ. ಅಲ್ಲಿ ಸಹಾಯಧನ ಬೇಕೆನ್ನುವ ಮನೆಗಳು ಜಾಸ್ತಿ, ಹಣ ಕಡಿಮೆ. ಹಾಗಾಗಿ ಯಾರಿಗೆ ಕೊಡಬೇಕು ಎಂಬುದನ್ನು ಲಾಟರಿ ಎತ್ತಿ ತೀರ್ಮಾನಿಸುತ್ತಾರೆ. ಪ್ರೀಮಿಯಂ ತೆರಿಗೆಯಿಂದ ಬರುವ ಹಣದಲ್ಲಿ ಎಷ್ಟು ಪಾಲು ಇಂಥ ಚಾವಣಿಗಳಿಗೆ ಹೋಗಬೇಕು ಎಂದು ಪ್ರತಿ ರಾಜ್ಯದ ಶಾಸಕರನ್ನೂ ಜನ ಕೇಳಬೇಕು. ದರ ಶೇ 7 ಏರಬೇಕೋ 17 ಏರಬೇಕೋ ಎಂಬ ವಿಚಾರಣೆಗೆ ಕೊಡುವಷ್ಟೇ ಸಮಯವನ್ನು ಶಾಸನಸಭೆಗಳು ಇದಕ್ಕೂ ಕೊಡಬೇಕು.